ಒಂದು ಗೇಣು ಕಮ್ಮಿ

ಮಂಚದ ಹೊದಿಕೆಯ ಅಂಚು ನೆಲದಿಂದ ಒಂದು ಗೇಣು ಮೇಲಿರಬೇಕೋ ಎರಡು ಗೇಣು ಮೇಲಿರಬೇಕೋ ಎಂಬ ಗಹನವಾದ ಪ್ರಶ್ನೆ ಬೆಳಿಗ್ಗೆ ಎಂಟೂವರೆಗೆ, ಏಳನೇ ಮಹಡಿಯ ಮಾದರಿ ಮನೆಯ ಮಲಗುವ ಕೋಣೆಯಲ್ಲಿ ವಿಚಾರಣೆಗೆ ಬಂತು. ಇಂಥ ವಿಷಯಗಳಲ್ಲಿ ಆತುರ ಸಲ್ಲದು. ರಾಜ್ಯಗಳ ಗಡಿಯನ್ನು ಇದಕ್ಕಿಂತ ಕಡಿಮೆ ಯೋಚಿಸಿ ಎಳೆದವರಿದ್ದಾರೆ. ಅವಳು ಹೊದಿಕೆಯನ್ನು ಕೆಳಕ್ಕೆಳೆದು, ಬಾಗಿಲಿನವರೆಗೆ ಹಿಂದೆ ಸರಿದು (ಬಾಗಿಲೇನೂ ಇರಲಿಲ್ಲ, ಅದು ಇರಬೇಕಾದ ಜಾಗವಿತ್ತು), ತಲೆ ವಾಲಿಸಿ ನೋಡಿದಳು. ಅಂಚು ಒಂದು ಗೇಣು ಮೇಲಿದ್ದರೆ, ಮಂಚದ ಉದ್ದದ ಪಟ್ಟಿ ಬಂದು ಕಾಲಿಗೆ ಸೇರುವ ಕೂಡು ಪೂರ್ತಿ ಮುಚ್ಚಿಹೋಗುತ್ತಿತ್ತು. ಮಡಿಸಿ ಎರಡು ಗೇಣು ಮಾಡಿದರೆ ಕೂಡು ಬಯಲಾಗುತ್ತಿತ್ತು. ಮುಚ್ಚಿದಾಗ ಎದೆ ಹಗುರಾಗುತ್ತಿತ್ತು, ಬೆನ್ನಿಗೇ ಏನನ್ನೋ ಯಾರಿಗೋ ಬಿಟ್ಟುಕೊಟ್ಟಂತಾಗುತ್ತಿತ್ತು. ತೆರೆದಾಗ ಕೈ ತಾನಾಗಿಯೇ ಮತ್ತೆ ಮುಚ್ಚಲು ಹೋಗುತ್ತಿತ್ತು, ಆದರೆ ಕಣ್ಣನ್ನು ಅಲ್ಲಿಂದ ಕೀಳಲಾಗುತ್ತಿರಲಿಲ್ಲ. ಹನ್ನೊಂದು ಗಂಟೆಗೆ ಅಪ್ಪ ಬರುವವನಿದ್ದ. ಆ ಮಂಚ ಅಪ್ಪನದು. ಅಂದರೆ ಅಪ್ಪ ಮಾಡಿದ್ದು. ಅಂದರೆ, ಕಳೆದ ತಿಂಗಳವರೆಗೆ ಪೂರ್ತಿ ಅಪ್ಪನೇ ಮಾಡಿದ್ದಾಗಿತ್ತು.

ಕಚೇರಿಯಲ್ಲಿ ಅವಳಿಗೆ ಎದುರಿಗೆ ಮೇಡಂ ಎಂದೂ ಬೆನ್ನ ಹಿಂದೆ ‘ಮನೆ ಹೂಡಮ್ಮ’ ಎಂದೂ ಹೆಸರಿತ್ತು. ಇಪ್ಪತ್ತಾರು ಮನೆ ಹೂಡಿದವಳು, ಒಂದರಲ್ಲೂ ಒಲೆ ಹಚ್ಚಿದವಳಲ್ಲ, ಒಂದರಲ್ಲೂ ತಲೆ ಒರಗಿಸಿದವಳಲ್ಲ. ಕಟ್ಟಡ ಮುಗಿಯುವ ಮೊದಲೇ ಒಂದು ಮನೆಯನ್ನು ಸಿಂಗರಿಸಿಟ್ಟು, ಕೊಳ್ಳಲು ಬಂದವರಿಗೆ ನೀವೂ ಹೀಗೆ ಬದುಕಬಹುದು ಎಂದು ತೋರಿಸುವುದು ಅವಳ ಉದ್ಯೋಗ. ಒಳಗಿನ ಬಾಗಿಲುಗಳನ್ನು ಕಳಚಿಸುತ್ತಿದ್ದಳು, ಏಕೆಂದರೆ ತೆರೆದ ಬಾಗಿಲು ಒಂದು ಮೂಲೆಯನ್ನು ನುಂಗುತ್ತದೆ. ಚಿತ್ರಗಳನ್ನು ಒಂದು ಮೊಳ ಕೆಳಗೆ ತೂಗುಹಾಕುತ್ತಿದ್ದಳು, ಏಕೆಂದರೆ ಆಗ ಚಾವಣಿ ಮೇಲೇರುತ್ತದೆ. ಇವು ಸುಳ್ಳೆಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ. ಕನ್ನಡಿಯ ಮುಂದೆ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವ ಯಾರಿಗೂ ತಾನು ಸುಳ್ಳು ಹೇಳುತ್ತಿದ್ದೇನೆ ಅನ್ನಿಸುವುದಿಲ್ಲ. ಅಷ್ಟಲ್ಲದೆ, ಈ ಕಸುಬಿನ ಮಿಕ್ಕವರಂತೆ ಬಾಡಿಗೆಯ ಸೋಫಾ ತಂದಿಟ್ಟು, ಯಾವುದೋ ಕಡಲತೀರದ ಮುದ್ರಿತ ಚಿತ್ರ ನೇತುಹಾಕಿ ಕೈತೊಳೆದುಕೊಳ್ಳುವವಳು ಅವಳಲ್ಲ. ಕೆಡವಿದ ಕಟ್ಟಡಗಳ ಮರ ಹುಡುಕಿ ತಂದು ಪೀಠೋಪಕರಣ ಮಾಡಿಸುತ್ತಿದ್ದಳು. ಗೋಡೆಗೆ ಊರಿನವರೇ ಬರೆದ ಚಿತ್ರ. ಈ ಮನೆಯ ನಾಲ್ಕು ಗೋಡೆಗೂ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಚಿತ್ರಗಳಿದ್ದವು. ಅವರು ಮೂವತ್ತು ವರ್ಷದಿಂದ ತಮ್ಮ ಮನೆಯೆದುರಿನ ಒಂದೇ ಸೇತುವೆಯನ್ನು ಬೇರೆ ಬೇರೆ ಬೆಳಕಿನಲ್ಲಿ ಬರೆಯುತ್ತಿದ್ದರು. ನಿನ್ನೆ ಬಂದು ನೋಡಿ, “ನನ್ನ ಸೇತುವೇನ ಸೊಂಟಕ್ಕೆ ಇಳಿಸಿಬಿಟ್ರಲ್ಲಮ್ಮ, ಮಕ್ಕಳು ಸೈಕಲ್ ಹತ್ತಿಸ್ತಾರೆ” ಎಂದು ನಕ್ಕು ಹೋಗಿದ್ದರು. ಅವಳು ಹೂಡಿದ ಮನೆಗೆ ಕಾಲಿಟ್ಟವರು ತಾವರಿಯದೆಯೇ ದನಿ ತಗ್ಗಿಸುತ್ತಿದ್ದರು. ಅದೊಂದನ್ನು ಕೇಳಲೆಂದೇ ಅವಳು ಎಷ್ಟೋ ಸಲ ಅಡುಗೆಮನೆಯ ಗೋಡೆಯ ಹಿಂದೆ ಕಾರಣವಿಲ್ಲದೆ ನಿಂತಿದ್ದುಂಟು.

ಈ ಸಲ ಸಿಕ್ಕಿದ್ದು ಹಳೇ ಕೋರ್ಟಿನ ಮರ. ಚಾವಣಿಯ ತೊಲೆಗಳು, ನ್ಯಾಯಾಧೀಶರ ಪೀಠದ ಹಲಗೆಗಳು, ಎಲ್ಲಕ್ಕಿಂತ ಹೆಚ್ಚಾಗಿ ಸಾಕ್ಷಿ ನಿಲ್ಲುವ ಕಟಕಟೆ. ಅದರ ಮೇಲ್ಪಟ್ಟಿ ಎರಡು ಮೂರು ತಲೆಮಾರಿನ ಬೆವರಂಗೈ ತಾಗಿ ತಾಗಿ ಯಾವ ಪಾಲಿಶಿಗೂ ಬಾರದ ಹೊಳಪಿಗೆ ಬಂದಿತ್ತು. ಲಾರಿಯಿಂದ ಇಳಿಸಿದಾಗ ಅಪ್ಪ ಅದನ್ನು ಮೂಸಿ ನೋಡಿ, ಬೆರಳಗೆಣ್ಣಿನಿಂದ ತಟ್ಟಿ, “ನೂರು ವರ್ಷ ನಿಂತು ಸುಳ್ಳು ಕೇಳಿಸ್ಕೊಂಡಿರೋ ಮರ ಕಣೇ ಇದು. ಇನ್ನು ಯಾರು ಏನು ಹೇಳಿದ್ರೂ ಬಿರುಕು ಬಿಡಲ್ಲ” ಎಂದಿದ್ದ. ಪೀಠ ಊಟದ ಮೇಜಾಯಿತು. ಕಟಕಟೆ ಮಂಚದ ತಲೆಯ ಕಡೆ ಒರಗುವ ಕಟಾಂಜನವಾಯಿತು. ತೊಲೆ ಸೀಳಿ ಪಟ್ಟಿ ಮತ್ತು ಕಾಲು. ಎಪ್ಪತ್ತೆರಡರ ಅಪ್ಪ ಆ ಮಂಚಕ್ಕೆ ನಲವತ್ತು ದಿನ ತೆಗೆದುಕೊಂಡ. ಆಮೇಲೆ ತನ್ನ ಕಟ್ಟಳೆಯಂತೆ ಒಂದು ಮಧ್ಯಾಹ್ನ ಮರಗೆಲಸದ ಅಂಗಡಿಯ ನಡುವೆ, ಮರದ ಹೊಟ್ಟಿನ ವಾಸನೆಯ ನಡುವೆ, ಬರೀ ಹಲಗೆಯ ಮೇಲೆ ಮಲಗಿ ನಿದ್ದೆ ಮಾಡಿ ಎದ್ದ. ಮಾಡಿದವನು ಮಲಗೇಳದ ಮಂಚ ಅಪ್ಪನ ಅಂಗಡಿಯಿಂದ ಹೊರಗೆ ಹೋಗುವಂತಿರಲಿಲ್ಲ. ಮಲಗಿದವನು ಮಗ್ಗುಲು ಬದಲಿಸಿದಾಗ ಮಂಚ ಮಾತಾಡಬಾರದು, ಕೈ ಮೇಲೆ ಚಾಚಿದರೂ ಕಾಲು ಹೊರಗೆ ಬರಬಾರದು, ಇವೆರಡೇ ಅವನ ಶಾಸ್ತ್ರ. ಮಂಚ ಆರೂಕಾಲು ಅಡಿ ಇತ್ತು. ಎದ್ದವನೇ “ಮಾತಾಡಲ್ಲ” ಎಂದು, ಊರಾಚೆ ಇದ್ದ ತನ್ನ ತಂಗಿಯ ಮನೆಯಲ್ಲಿ ಒಂದು ವಾರ ಇದ್ದು ಬರುತ್ತೇನೆಂದು ಹೊರಟುಹೋದ.

ಮರುದಿನ ಆ ಕಟ್ಟಡದ ಬಿಲ್ಡರ್ ಟೇಪು ಹಿಡಿದುಕೊಂಡು ಅಂಗಡಿಗೆ ಬಂದ. ಕೋಣೆಯ ಅಳತೆ ಅವನಿಗೆ ಬಾಯಿಪಾಠ, ಮಂಚ ಅಳೆದು ನೋಡಿ ಮುಖ ಸಪ್ಪಗಾಯಿತು. “ಮೇಡಂ, ಇದನ್ನ ಹಾಕಿದ್ರೆ ಕೋಣೆ ಬೆಂಕಿಪೊಟ್ಟಣ ಕಂಡಂಗೆ ಕಾಣುತ್ತೆ. ಒಂದು ಗೇಣು ತೆಗೆಸಿ. ಯಾರು ಮಲಗ್ತಾರೆ ಇದರ ಮೇಲೆ?” ಯಾರೂ ಮಲಗುವುದಿಲ್ಲವೆಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಎಲ್ಲ ಮಾದರಿ ಮನೆಗಳಲ್ಲೂ ಮಂಚ ಗಿಡ್ಡವೇ. ಈವರೆಗೆ ಮಂಚವೊಂದನ್ನು ಅವಳೂ ಬಾಡಿಗೆಗೇ ತರುತ್ತಿದ್ದಳು, ಆದರೆ ಅವು ಯಾರದೂ ಅಲ್ಲದವು. ಅಪ್ಪನನ್ನು ಕೇಳಿದ್ದರೆ ಅವನು ಮಂಚವನ್ನು ಹೊತ್ತುಕೊಂಡು ಹೋಗಿ ಮನೆಯಲ್ಲಿಟ್ಟುಕೊಳ್ಳುತ್ತಿದ್ದ. ಬಿಲ್ಡರನ ಕೆಲಸಗಾರರಿಗೆ ಕೊಟ್ಟಿದ್ದರೆ ಅರ್ಧ ಗಂಟೆಯಲ್ಲಿ ಯಂತ್ರದಿಂದ ಕೊಯ್ದು ಎರಡು ಕಬ್ಬಿಣದ ತಗಡು ಬಡಿದು ಕೊಡುತ್ತಿದ್ದರು. ಅವಳು ಮಂಚಕ್ಕೆ ಗೋಣಿತಾಟು ಹೊದಿಸಿ, ಅಂಗಡಿಯ ಮುಂಬಾಗಿಲು ಹಾಕಿಕೊಂಡು, ಅಪ್ಪನ ಸಣ್ಣ ಹಲ್ಲಿನ ಗರಗಸವನ್ನು ಮೊಳೆಯಿಂದ ಇಳಿಸಿದಳು. ಆ ಗರಗಸದ ಹಿಡಿ ಅಪ್ಪನ ಅಂಗೈಗೆ ತಕ್ಕಂತೆ ಸವೆದಿತ್ತು. ಅವಳ ಬೆರಳುಗಳು ಆ ಹಳ್ಳಗಳಲ್ಲಿ ಕೂತು ಸಡಿಲವಾಗಿ ಆಡಿದವು. ಹುಡುಗಿಯಾಗಿದ್ದಾಗ ಅವಳದು ಹಲಗೆಯ ತುದಿ ಹಿಡಿಯುವ ಕೆಲಸ. ಉಳಿ, ಗರಗಸ ಎಲ್ಲ ಅಣ್ಣನಿಗೆ. ಅಪ್ಪ ಅಣ್ಣನಿಗೆ ಕಲಿಸುತ್ತಿದ್ದ, ಅವಳು ತುದಿ ಹಿಡಿದು ನಿಂತಿರುತ್ತಿದ್ದಳು, “ಅಲ್ಲಾಡಿಸಬೇಡ್ವೇ ತುದಿ” ಎಂದು ಬೈಸಿಕೊಳ್ಳುತ್ತಿದ್ದಳು. ತುದಿ ಹಿಡಿದವಳಿಗೆ ಬೇರೇನು ಕೆಲಸ, ನೋಡುವುದೊಂದೇ. ಗೆರೆಯ ಯಾವ ಬದಿಗೆ ಹಲ್ಲು ಇಳಿಯಬೇಕು, ಉಳಿಯನ್ನು ಯಾವಾಗ ಬಡಿಯಬೇಕು ಯಾವಾಗ ಬರೀ ಒತ್ತಬೇಕು, ನಾಲಿಗೆಯ ಹಾಗೆ ಚಾಚಿದ ಮರದ ತುದಿ ಕಾಲಿನ ತೂತಿನೊಳಗೆ ಹೋಗುವಾಗ ಎಂಥ ಸದ್ದು ಬಂದರೆ ಅದು ಬಿಗಿ, ಎಂಥದಾದರೆ ಸಡಿಲ. ಅಣ್ಣ ಮಾಡಿದ ಮೊದಲ ಮಂಚದ ಮೇಲೆ ಅಪ್ಪ ಮಲಗಿ ಮಗ್ಗುಲಾದಾಗ ಅದು ಎಷ್ಟು ಮಾತಾಡಿತೆಂದರೆ ಅಪ್ಪನೇ ಎದ್ದು ಕೂತು ಅದಕ್ಕೆ ಉತ್ತರ ಕೊಟ್ಟ. ಅಣ್ಣ ಈಗ ಬಚ್ಚಲುಮನೆಯ ಟೈಲ್ಸ್ ಮಾರುತ್ತಾನೆ, ಸುಖವಾಗಿದ್ದಾನೆ.

ಕಾಲ ಕಡೆಯ ಎರಡು ಕೂಡು ಕಳಚಿ, ಎರಡೂ ಪಟ್ಟಿಯಿಂದ ಒಂದೊಂದು ಗೇಣು ಕೊಯ್ದು, ಹೊಸ ನಾಲಿಗೆ ಕೆತ್ತಿ ಮತ್ತೆ ಕೂಡಿಸಲು ಅವಳಿಗೆ ನಾಲ್ಕು ದಿನ ಹಿಡಿಯಿತು. ಎಡಗಡೆಯದಕ್ಕೆ ಮೂರು ದಿನ. ಒಂದು ಕಡೆ ಹೆಚ್ಚು ಕೆತ್ತಿ, ಸಂದಿಗೆ ತೆಳ್ಳಗಿನ ಚಕ್ಕೆ ಇಟ್ಟು ಮುಚ್ಚಬೇಕಾಯಿತು. ಆ ಹೊತ್ತು ಅಪ್ಪನ ಮೊಂಡು ಪೆನ್ಸಿಲನ್ನು ಎರಡು ತುಂಡು ಮಾಡಿ ಎಸೆದು, ಆಮೇಲೆ ಹುಡುಕಿ ತಂದು ಡಬ್ಬಿಗೆ ಹಾಕಿದಳು. ಬಲಗಡೆಯದು ಒಂದೇ ದಿನ. ಕೊಡತಿಯಿಂದ ಕೊನೆಯ ಏಟು ಹಾಕಿದಾಗ ಮರ ಗಂಟಲು ಸರಿಮಾಡಿಕೊಂಡಂಥ ಒಂದು ಸದ್ದು ಮಾಡಿ ಸುಮ್ಮನಾಯಿತು. ಅವಳು ಉಗುರು ಓಡಿಸಿ ನೋಡಿದಳು. ಸಂದಿಯೇ ಇರಲಿಲ್ಲ. ಯಾರೂ ಇಲ್ಲದ ಅಂಗಡಿಯಲ್ಲಿ, ಬಾಗಿಲು ಹಾಕಿಕೊಂಡು, ಅಪ್ಪನ ಬೆನ್ನ ಹಿಂದೆ, ಅವನ ಮಂಚ ಮುರಿದು, ಅವಳು ತನ್ನ ಆಯುಷ್ಯದ ಅತ್ಯುತ್ತಮ ಕೆಲಸ ಮಾಡಿ ಮುಗಿಸಿದ್ದಳು. ಹೆಮ್ಮೆಗೆ ಒಂದು ಗೇಣು ತಪ್ಪು ಅಂಟಿಕೊಂಡಿತ್ತು, ಅಥವಾ ತಪ್ಪಿಗೆ ಹೆಮ್ಮೆ ಅಂಟಿಕೊಂಡಿತ್ತು. ಯಾವುದು ಯಾವುದರೊಳಗೆ ಹೋಗಿ ಕೂತಿದೆಯೆಂದು ಬಿಡಿಸಿ ನೋಡಲಾರದಷ್ಟು ಬಿಗಿಯಾಗಿತ್ತು.

ಅಪ್ಪ ಮರಳುವ ಮೊದಲೇ ಆ ಮಂಚ ಏಳನೇ ಮಹಡಿಗೆ ಸೇರಿತ್ತು. ಇವತ್ತು ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಅವಳು ಹೊದಿಕೆಯನ್ನು ಒಂದು ಗೇಣಿಗೆ ಇಳಿಸಿ ತೀರ್ಪು ಕೊಟ್ಟಳು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಕಿವಿಯ ಮೇಲೆ ಪೆನ್ಸಿಲ್ ಹಾಗೇ ಇತ್ತು, ಅಂಗಿಯ ಜೇಬಿನಲ್ಲಿ ಮಡಿಸುವ ಅಡಿಕೋಲು. ಅಡಿಕೋಲು ನೋಡಿ ಅವಳು ಮಲಗುವ ಕೋಣೆಗೆ ಅಡ್ಡವಾಗಿ ನಿಂತಳು. ಮುಂಬಾಗಿಲ ಚೌಕಟ್ಟನ್ನು ಸವರಿ ಒಳಗೆ ಬಂದ ಅಪ್ಪ ನಡುಮನೆಯಲ್ಲಿ ನಿಂತು ಸುತ್ತ ನೋಡಿದ.

“ಒಳಗಿನ ಬಾಗಿಲೆಲ್ಲ ಎಲ್ಲಿ ಹೋದ್ವೇ?”

“ತೆಗೆಸಿದೀನಿ ಅಪ್ಪ. ಜಾಗ ದೊಡ್ಡದಾಗಿ ಕಾಣ್ಲಿ ಅಂತ.”

“ಬಚ್ಚಲಿಗೂ ಇಲ್ವಲ್ಲ.”

“ಇಲ್ಲಿ ಯಾರೂ ಸ್ನಾನ ಮಾಡಲ್ಲ.”

“ಗೊತ್ತಾಯ್ತು. ಮಾನ ಇರೋರು ಮಾಡಲ್ಲ.” ಅವನು ನಲ್ಲಿ ತಿರುಗಿಸಿ ನೋಡಿದ, ನೀರಿಲ್ಲ. ಫ್ರಿಜ್ಜಿನ ಬಾಗಿಲು ತೆಗೆದು ಕೈ ಇಟ್ಟು ನೋಡಿದ, ತಂಪಿಲ್ಲ. ಕಪಾಟಿನಿಂದ ಒಂದು ಪುಸ್ತಕ ಎಳೆದರೆ ಅಂಟಿಸಿದ್ದ ಮೂರು ಒಟ್ಟಿಗೆ ಬಂದವು. “ಇದು ಒಂದೇ ಸಲಕ್ಕೆ ಮೂರು ಓದೋರಿಗೇನೋ” ಎಂದು ಜೋಪಾನವಾಗಿ ಮರಳಿ ಇಟ್ಟ. ಆಮೇಲೆ ಊಟದ ಮೇಜಿನ ಮುಂದೆ ಬಂದು ಎರಡೂ ಅಂಗೈ ಊರಿ ಇಡೀ ಭಾರ ಹಾಕಿ ಒತ್ತಿದ. ಮೇಜು ಕದಲಲಿಲ್ಲ. “ಇದು ಇದೆ” ಎಂದ. ಮುಂಗುರುಳು ಹಿಂದೆ ತಳ್ಳುವ ನೆವದಲ್ಲಿ ಅವಳು ಮುಖ ತಿರುಗಿಸಿದಳು. ಮೇಷ್ಟ್ರ ಸೇತುವೆಗಳ ಮುಂದೆ ಅವನು ಸೊಂಟ ಬಗ್ಗಿಸಿ ಬಹಳ ಹೊತ್ತು ನಿಂತ. “ಇವನಿಗೆ ಮರದ ಸೇತುವೆ ಗೊತ್ತು. ಅಡ್ಡತೊಲೆ ಎಲ್ಲಿ ಬರ್ಬೇಕೋ ಅಲ್ಲೇ ಬರ್ದಿದಾನೆ. ಚೆನ್ನಾಗಿ ಹುಡುಕಿದೀಯ.” ಅಪ್ಪನ ಬಾಯಲ್ಲಿ ‘ಚೆನ್ನಾಗಿ’ ಎಂಬ ಮಾತು ಅವಳು ಕೇಳಿದ್ದು ಎಷ್ಟು ಸಲ ಎಂದು ಬೆರಳು ಮಡಿಸಿದರೆ ಒಂದು ಕೈಯೇ ಹೆಚ್ಚಾಗುತ್ತಿತ್ತು. ಅದು ತುದಿ ಹಿಡಿದವಳಿಗೆ ಸಿಕ್ಕ ಮಾತು ಎಂದೂ ಅನ್ನಿಸಿತು. ಹುಡುಕಿದೀಯ. ತಂದಿದೀಯ. ಹಿಡಿದಿದೀಯ.

ಮಲಗುವ ಕೋಣೆಯಲ್ಲಿ ಅಪ್ಪ ಕಟಕಟೆಯ ಪಟ್ಟಿಯ ಮೇಲೆ ಕೈಯಿಟ್ಟುಕೊಂಡು, ಸಾಕ್ಷಿ ಹೇಳಲು ಬಂದವನಂತೆ ನಿಂತ. ಒಂದು ಸುತ್ತು ಹಾಕಿದ. ಕೋಣೆಯಲ್ಲಿ ಎಲ್ಲವೂ ಗೇಣು ಗೇಣು ಕಮ್ಮಿಯಿತ್ತು, ಪಕ್ಕದ ಪುಟ್ಟ ಮೇಜು, ದೀಪ, ಬೀರು, ಕುರ್ಚಿ. ಎಲ್ಲರೂ ಬಗ್ಗಿ ನಡೆಯುವ ಊರಿನಲ್ಲಿ ಒಬ್ಬನ ಗೂನು ಕಾಣದಂತೆ ಮಂಚದ ಕೊರತೆಯೂ ಕಾಣುತ್ತಿರಲಿಲ್ಲ. “ಒಳ್ಳೇ ಬಣ್ಣ ಬಂದಿದೆ” ಎಂದ ಅಪ್ಪ. ಅಷ್ಟೇ. ಅವನಿಗೆ ತಿಳಿಯಲಿಲ್ಲ. ಅವಳು ಬಿಗಿಹಿಡಿದಿದ್ದ ಉಸಿರು ಬಿಟ್ಟಳು. ಬಿಟ್ಟ ಉಸಿರು ಮುಗಿಯುವುದರೊಳಗೆ ಎಲ್ಲಿಂದಲೋ ಒಂದು ಸಿಟ್ಟು ಬಂತು. ತನ್ನ ಮಂಚ ತನಗೇ ಗುರುತು ಸಿಗದವನು ಎಂಥ ಬಡಗಿ. ಅಣ್ಣ ಒಂದು ಚಕ್ಕೆ ಹಾರಿಸಿದರೆ ಹತ್ತು ಮಾರು ದೂರದಿಂದ ಕಂಡುಹಿಡಿಯುತ್ತಿದ್ದನಲ್ಲ. ಸಿಕ್ಕಿಬೀಳುವ ಭಯದಲ್ಲಿ ಒಂದು ತಿಂಗಳು ನಿದ್ದೆಗೆಟ್ಟವಳು ಈಗ ಸಿಕ್ಕಿಬೀಳದ ಅವಮಾನದಲ್ಲಿ ಕಿವಿ ಬಿಸಿ ಮಾಡಿಕೊಂಡು ನಿಂತಳು.

ಅಷ್ಟರಲ್ಲಿ ಬಿಲ್ಡರ್ ಆ ದಿನದ ಮೊದಲ ಗಿರಾಕಿಗಳನ್ನು ಕರೆದುಕೊಂಡು ಒಳಗೆ ಬಂದ. ಬಾಗಿಲ ಜಾಗದಲ್ಲೂ ಅಭ್ಯಾಸದಿಂದ ತಲೆ ತಗ್ಗಿಸುವಷ್ಟು ಎತ್ತರದ ಗಂಡ, ಅವನ ಮೊಣಕೈಗೆ ಬರುವ ಹೆಂಡತಿ. ಇಬ್ಬರೂ ದನಿ ತಗ್ಗಿಸಿದ್ದರು. “ಒಳ್ಳೇ ಹೊತ್ತಿಗೆ ಬಂದ್ರಿ. ಇವರೇ ನೋಡಿ ಬಡಗಿ ಯಜಮಾನ್ರು. ಕೋರ್ಟಿನ ಕಟಕಟೇಲಿ ಮಂಚ ಮಾಡಿದೋರು” ಎಂದ ಬಿಲ್ಡರ್. ಅಪ್ಪ ಅಂಗಿಯ ತುದಿ ಎಳೆದುಕೊಂಡ.

“ಮೊಳೆ ಎಲ್ಲೂ ಕಾಣಲ್ವಲ್ಲ ಯಜಮಾನ್ರೇ” ಎಂದಳು ಹೆಂಡತಿ.

“ಮೊಳೆನಾ” ಎಂದ ಅಪ್ಪ, ಹೆಂಗಸರ ಬಾಯಲ್ಲಿ ಬರಬಾರದ ಮಾತೊಂದು ಬಂದಂತೆ. “ಬನ್ನಿ ತಾಯಿ, ತೋರಿಸ್ತೀನಿ.” ಅವನು ನಿಧಾನವಾಗಿ ಕಾಲ ಕಡೆಗೆ ಹೋಗಿ, ಮಂಡಿಯೂರಿ, ಬಲಗಡೆಯ ಹೊದಿಕೆಯನ್ನು ಎತ್ತಿದ. “ಇಲ್ಲಿ ನೋಡಿ. ಈ ಪಟ್ಟಿ ಹೋಗಿ ಈ ಕಾಲಿನೊಳಗೆ ಕೂತಿದೆ. ಮೊಳೆ ಇಲ್ಲ, ಅಂಟಿಲ್ಲ. ಉಗುರು ಹೋಗುತ್ತಾ ನೋಡಿ. ಹಾಕಿ ನೋಡಿ, ಪರವಾಗಿಲ್ಲ. ಇಂಥ ಕೂಡು ಮಾಡೋ ಕೈ ಈ ಊರಲ್ಲಿ ಎರಡಿದ್ವು, ಒಂದು ಹೋಯ್ತು.” ಉಳಿದ ಕೈಯನ್ನು ಅವನು ಮೇಲೆತ್ತಿ ತೋರಿಸಿದ. ಹೆಂಡತಿ ಉಗುರು ಹಾಕಿ ನೋಡಿ, ಹೋಗಲಿಲ್ಲವೆಂದು ಗಂಡನತ್ತ ತಿರುಗಿ ತಲೆಯಾಡಿಸಿದಳು.

ಸುಮ್ಮನಿದ್ದರೆ ಎಲ್ಲ ನೇರವಾಗಿತ್ತು. ಅಪ್ಪನ ಮಾನ ಅಪ್ಪನ ಬಳಿ, ಬಿಲ್ಡರನ ಮನೆ ಗಿರಾಕಿಯ ಕೈಗೆ, ಹೊದಿಕೆ ಮತ್ತೆ ಒಂದು ಗೇಣಿಗೆ. ಅವಳು ಸುಮ್ಮನಿರುವುದರಲ್ಲಿ ಪಳಗಿದವಳು. ತುದಿ ಹಿಡಿದವರು ಅಲ್ಲಾಡಬಾರದು. ಆದರೆ ಅಪ್ಪನ ಹೆಬ್ಬೆರಳು ಇನ್ನೂ ಆ ಕೂಡಿನ ಮೇಲೆ ಹಿಂದೆ ಮುಂದೆ ಓಡುತ್ತಿತ್ತು, ಅಷ್ಟು ಪ್ರೀತಿಯಿಂದ ಅವನು ಯಾವುದನ್ನೂ ಸವರಿದ್ದನ್ನು ಅವಳು ಕಂಡಿರಲಿಲ್ಲ, ಮತ್ತು ಅದು ಅವಳದಾಗಿತ್ತು.

“ಅಪ್ಪ, ಅದು ನಂದು” ಎಂದಳು.

“ಏನು?”

“ಆ ಕೂಡು. ಆ ಕಡೇದೂ ನಂದೇ. ನೀನು ಅತ್ತೆ ಮನೇಲಿದ್ದಾಗ ಮಾಡಿದ್ದು. ಮಂಚ ಒಂದು ಗೇಣು ಕೊಯ್ದಿದೀನಿ.”

ಅಪ್ಪ ಮಂಡಿಯೂರಿದ್ದವನು ಹಾಗೇ ಇದ್ದ. ಕೂಡಿನ ಮೇಲಿದ್ದ ಕೈಯನ್ನು ಹಿಂದೆಳೆದು, ಜೇಬಿನಿಂದ ಅಡಿಕೋಲು ತೆಗೆದು ಒಂದೊಂದೇ ಮಡಿಕೆ ಬಿಚ್ಚಿದ. ಮಂಚದ ಉದ್ದಕ್ಕೂ ಇಟ್ಟ. “ಐದೂವರೆ” ಎಂದು ಯಾರಿಗೂ ಅಲ್ಲದಂತೆ ಹೇಳಿದ. ಅವನ ಕತ್ತಿನ ಹಿಂಭಾಗ ಕೆಂಪಾಗಿತ್ತು. ಎಪ್ಪತ್ತೆರಡು ವರ್ಷದವನು ಪರರ ಮುಂದೆ ಬೇರೆಯವರ ಕೆಲಸವನ್ನು ತನ್ನದೆಂದು ಹೊಗಳಿಕೊಂಡಿದ್ದ. ಅದನ್ನು ಮಾಡಿಸಿದವಳು ತಾನು. ನೆಲ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ. ಕೆಳಗೆ ಆರನೇ ಮಹಡಿಯಿತ್ತು.

“ಹಂಗಾದ್ರೆ ನಮ್ಮನೇ ಮಂಚ ಇಲ್ಲಿ ಹಾಕಿದ್ರೆ?” ಎಂದ ಎತ್ತರದ ಗಂಡ.

“ಹಾಕ್ಬೋದು” ಎಂದ ಅಪ್ಪ ಅಡಿಕೋಲನ್ನು ಗೋಡೆಯತ್ತ ಹಿಡಿದು. “ನೀವು ಕಿಟಕಿಯಿಂದ ಒಳಗೆ ಬರ್ಬೇಕಾಗುತ್ತೆ ಅಷ್ಟೆ.”

ಬಿಲ್ಡರ್ ದೊಡ್ಡದಾಗಿ ನಕ್ಕ. ಮತ್ಯಾರೂ ನಗದ್ದರಿಂದ ಅದನ್ನು ಒಬ್ಬನೇ ಮುಗಿಸಿ, ಗಂಡಹೆಂಡಿರನ್ನು ನಕಾಶೆ ತೋರಿಸುವ ನೆಪದಲ್ಲಿ ನಡುಮನೆಗೆ ಸಾಗಿಸಿದ. ಹೋಗುವಾಗ ಅವಳ ಕಿವಿಯ ಹತ್ತಿರ ಬಂದು, “ಏನ್ ಮೇಡಂ ಇದು, ನೀವೇ ಹೂಡಿ ನೀವೇ ಕೀಳ್ತೀರಾ?” ಎಂದ. ಅವಳು ಅಪ್ಪನತ್ತ ತಿರುಗಿದಳು.

ಅಪ್ಪ ಕನ್ನಡಕ ಹಾಕಿಕೊಂಡು ಕೂಡಿನ ಹತ್ತಿರಕ್ಕೆ ಮುಖ ತಂದಿದ್ದ. ಉಗುರನ್ನು ಸಂದಿನ ಉದ್ದಕ್ಕೂ ಮತ್ತೊಮ್ಮೆ ಎಳೆದು ನೋಡಿದ.

“ಗರಗಸ ಯಾವುದು?”

“ನಿಂದೇ. ಸಣ್ಣ ಹಲ್ಲಿಂದು.”

“ನನ್ನ ಕೇಳದೇನೇ.”

“ಹೂಂ. ಕೇಳದೇನೇ.”

“ಕೇಳಿದ್ರೆ ಕೊಡ್ತಿರಲಿಲ್ಲ” ಎಂದ ಅಪ್ಪ. ಅದು ಬೈಗುಳವೋ ಒಪ್ಪಿಗೆಯೋ ತಿಳಿಯುವ ಹಾಗಿರಲಿಲ್ಲ. “ಮೂಲೇಲಿ ಒಂದು ಕೂದಲಷ್ಟು ಓರೆ ಇದೆ.”

“ಇಲ್ಲ” ಎಂದಳು.

ಅಪ್ಪ ಅಡಿಕೋಲನ್ನು ಮೂಲೆ ಮಾಡಿ ಮಡಿಸಿ ಇಟ್ಟು ನೋಡಿದ. ತೆಗೆದು ಮತ್ತೊಮ್ಮೆ ಇಟ್ಟ. “ಇಲ್ಲ” ಎಂದ. ಮಂಡಿಯ ಮೇಲೇ ಸರಿದುಕೊಂಡು ಎಡಗಡೆಗೆ ಹೋದ. ಅಲ್ಲಿ ಅವನಿಗೆ ಕನ್ನಡಕವೂ ಬೇಕಾಗಲಿಲ್ಲ. “ಇಲ್ಲಿ ಚಕ್ಕೆ ಕೊಟ್ಟಿದೀಯ.”

“ಅದು ಮೊದಲನೇದು.”

“ನಿಮ್ಮಣ್ಣ ಹನ್ನೆರಡನೇದಕ್ಕೂ ಕೊಡ್ತಿದ್ದ.” ಅವನು ಮಂಚ ಹಿಡಿದು ಮೇಲೆದ್ದ, ಮಂಡಿಯ ಧೂಳು ಕೊಡವಿಕೊಂಡ. “ನೀನು ಎಲ್ಲಿ ಕಲ್ತಿದ್ದು?”

“ತುದಿ ಹಿಡ್ಕೊಂಡಿದ್ನಲ್ಲ.”

ಅಪ್ಪ ಕಿಟಕಿಯಾಚೆ ನೋಡಿದ. ಎದುರಿನ ಕಟ್ಟಡದ ಐದನೇ ಮಹಡಿಯಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದರು, ನಿಜವಾದ ಬಟ್ಟೆ. “ಮಲಗಿ ನೋಡಿದೀಯಾ?” ಎಂದ.

“ಏನನ್ನ?”

“ಮಾಡಿದ್ದನ್ನ. ಮಾಡಿದೋರು ಮಲಗಿ ಏಳ್ಬೇಕೋ ಬೇಡ್ವೋ? ಆರೂಕಾಲು ಅಡಿ ಮಂಚದ ಮೇಲೆ ನಾನು ಮಲಗಿ ಎದ್ದಿದೀನಿ. ಇದು ಬೇರೆ ಮಂಚ. ಇದರ ಜವಾಬ್ದಾರಿ ನಂದಲ್ಲ.”

“ಅಪ್ಪ, ಜನ ಬರ್ತಿದಾರೆ. ಇವತ್ತು ಮೊದಲನೇ ದಿನ.”

“ಬರ್ಲಿ. ಮನೆ ತೋರಿಸ್ತಿದೀರಲ್ಲ, ಮನೇಲಿ ಜನ ಮಲಗ್ತಾರೆ. ಚಪ್ಪಲಿ ಬಿಡು.”

ಅವಳು ಚಪ್ಪಲಿ ಬಿಟ್ಟಳು. ಇಪ್ಪತ್ತಾರು ಮನೆಗಳ ಹಾಸಿಗೆಗಳಲ್ಲಿ ಸುಕ್ಕು ತೆಗೆದ ಕೈಯನ್ನು ಮೊದಲು ಊರಿ, ಆಮೇಲೆ ಮಂಡಿ, ಆಮೇಲೆ ಪೂರ್ತಿಯಾಗಿ, ಇಸ್ತ್ರಿ ಮಾಡಿದ ಹೊದಿಕೆಯ ಮೇಲೆ ಮೈಚಾಚಿದಳು. ಕಾಲು ಹೊರಗೆ ಬರಲಿಲ್ಲ. ಮಂಚ ಅವಳ ಅಳತೆಗೆ ಸರಿಯಾಗಿತ್ತು, ಅಂಗೈಯಗಲ ಉಳಿದಿತ್ತು. ಇಲ್ಲಿಂದ ಚಾವಣಿ ನಿಜಕ್ಕೂ ಎತ್ತರ ಕಾಣುತ್ತಿತ್ತು, ಮೇಷ್ಟ್ರ ಸಂಜೆಯ ಸೇತುವೆ ಸರಿಯಾಗಿ ಕಣ್ಣಿನ ನೇರಕ್ಕಿತ್ತು, ಮಲಗಿದವಳಿಗೆಂದೇ ತೂಗುಹಾಕಿದಂತೆ. ಅಪ್ಪ ಕಾಲ ಕಡೆಗೆ ಹೋಗಿ ಹೊದಿಕೆಯ ಅಂಚನ್ನು ಎರಡೂ ಬದಿಗೆ ಮಡಿಸಿ ಸಿಕ್ಕಿಸಿದ. ಆಮೇಲೆ ಗಿಡ್ಡ ಕುರ್ಚಿಯಲ್ಲಿ ಮೊಣಕಾಲು ಎದೆಗೆ ಬರುವಂತೆ ಕೂತ. ಸ್ವಲ್ಪ ಹೊತ್ತಿಗೆ ಮತ್ಯಾರೋ ಬಂದರು, ಹೆಜ್ಜೆಗಳು ಬಾಗಿಲ ಜಾಗದಲ್ಲಿ ನಿಂತವು. “ಮೆಲ್ಲಗೆ ಬನ್ನಿ” ಎಂದು ಅಪ್ಪ ಹೇಳುವುದು ಕೇಳಿಸಿತು, ದನಿ ತಗ್ಗಿಸಿ. “ಕೆಲಸದ ಪರೀಕ್ಷೆ ನಡೀತಿದೆ. ಈ ಬಲಗಡೆ ಕೂಡು ನೋಡಿ. ನನ್ನ ಮಗಳದು. ಉಗುರು ಹಾಕಿ ನೋಡಿ, ಪರವಾಗಿಲ್ಲ.” ಮಾರಿದರೆ ಮಾರಲಿ, ಬಿಟ್ಟರೆ ಬಿಡಲಿ, ಎಂದುಕೊಂಡಳು. ಅದನ್ನು ಇನ್ನೊಂದು ಸಲ ಅಂದುಕೊಳ್ಳುವಷ್ಟರಲ್ಲಿ ನಿದ್ದೆ ಬಂದುಬಿಟ್ಟಿತ್ತು.

ಅವಳು ಒಂದೂವರೆ ಗಂಟೆ ಮಲಗಿದಳು, ಮೂರು ಸಲ ಮಗ್ಗುಲು ಬದಲಿಸಿದಳು. ಮಂಚ ಮಾತಾಡಲಿಲ್ಲ. ಅಷ್ಟು ಹೊತ್ತಿನಲ್ಲಿ ಹದಿನಾಲ್ಕು ಜನ ಬಂದು ಕೂಡು ನೋಡಿ ಹೋದರು. ಮನೆಯನ್ನು ಯಾರೂ ಕೊಳ್ಳಲಿಲ್ಲ.